ಉಲ್ಟಾ ಜಂಪ್ ಕೊಟ್ಟ ಮ್ಯಾಲೆ ಸ್ವಿಫ್ಟ್ ಡೀಸೆಲ್ ಬಂದ್: ಈಸಿಎಂ (ಇಂಜಿನ್ ನಡಸೋ ಕಂಪ್ಯೂಟರ್) ಹೋಗೈತಿ ಅಂತಾರ, ಖರೇನಾ?

ಭತ್ತದ ಸೀಮೆ (ಕಾರಟಗಿ):

ಎಲ್ಲರಿಗೂ ನಮಸ್ಕಾರ. ಗಾಡಿ 2015ರ ಸ್ವಿಫ್ಟ್ ಡೀಸೆಲ್, ಮೊದಲಿಂದ ನನ್ನ ಕೈಯಾಗೇ ಐತಿ. ಬ್ಯಾಟರಿ ಹಳೇದು, ಈ ಬ್ಯಾಸಗಿ ದಾಟೂದಿಲ್ಲ ಅಂತ ಗೊತ್ತಿತ್ತು. ಹೋದ ವಾರ ರೈಸ್ ಮಿಲ್ಲಿನ್ಯಾಗ ನಿಲ್ಲಿಸಿ ಭತ್ತದ ಲೆಕ್ಕಕ್ಕ ಆಫೀಸಿನ ಒಳಗ ಹೋಗಿದ್ದೆ. ಅಳಿಯ ಗಾಡ್ಯಾಗ ಹಾಡು ಹಚಗೊಂಡು ಕುಂತಿದ್ದ. ಹೊರಡಬೇಕಂದ್ರ ಸೆಲ್ಫ್ ಎತ್ತವಲ್ದು, ಬರೀ ಟಿಕ್ ಟಿಕ್. ಅಲ್ಲೇ ಇದ್ದ ಟ್ರ್ಯಾಕ್ಟರ್ ಡ್ರೈವರ್ ಪಾಪ ಜಂಪ್ ಕೊಡಾಕ, ಅಂದ್ರ ಅವನ ಬ್ಯಾಟರಿಯಿಂದ ಕೇಬಲ್ ಹಚ್ಚಿ ಸ್ಟಾರ್ಟ್ ಮಾಡಾಕ, ಬಂದ. ಅವನ ಹತ್ರ ಇದ್ದ ಕೇಬಲ್ಲು ಎರಡೂ ಕರೇವು. ಟ್ರ್ಯಾಕ್ಟರ್ ಬ್ಯಾಟರಿ ಮ್ಯಾಲೆ ಗ್ರೀಸು, ಧೂಳು, ತೌಡು ಎಲ್ಲಾ ಕೂಡಿ ಪ್ಲಸ್ ಯಾವುದು ಮೈನಸ್ ಯಾವುದು ಕಾಣೂದಿಲ್ಲ. ಹಚ್ಚಿದ ಕೂಡ್ಲೆ ಪಟ್ ಅಂತ ದೊಡ್ಡ ಕಿಡಿ, ಬಾನೆಟ್ ಒಳಗಿಂದ ಸುಟ್ಟ ವಾಸನಿ. ಕಿತ್ತು ಬದಲಿ ಮಾಡಿ ಹಚ್ಚ್ಯಾರ, ಅಷ್ಟೊತ್ತಿಗೆ ಗಾಡಿ ಮಾತಾಡೂದು ಬಿಟ್ಟಿತ್ತು. ಕೀಲಿ ಆನ್ ಇದ್ದಾಗಲೇ ಹಚ್ಚ್ಯಾರಂತ.

ಈಗಿನ ಪರಿಸ್ಥಿತಿ: ಹಾರ್ನ್ ಹೊಡಿತೈತಿ, ಹೆಡ್‌ಲೈಟ್ ಹತ್ತತಾವ. ಮೀಟರ್ ಬೋರ್ಡಿನ್ಯಾಗ ಒಂದು ಲೈಟೂ ಇಲ್ಲ. ಸೆಂಟ್ರಲ್ ಲಾಕ್, ಒಳಗಿನ ದೀಪ, ಟೇಪು ಮೂರೂ ಬಂದ್. ಕೀಲಿ ತಿರುವಿದ್ರ ಮೊದಲಿನ ಟಿಕ್ ಅನ್ನೂದೂ ಇಲ್ಲ. ಗ್ಯಾರೇಜಿಗೆ ಎಳಕೊಂಡು ಹೋದ್ವಿ. ಬ್ಯಾರೆ ಬ್ಯಾಟರಿ ಇಟ್ಟು ನೋಡಿದ್ರು, ಅದೇ ಹಾಡು. ಗಾಡಿಯ ದೋಷ ಓದೋ ಸ್ಕ್ಯಾನರ್ ಹಚ್ಚಿದ್ರು. "ಕನೆಕ್ಟ್ ಆಗವಲ್ದು, ಈಸಿಎಂ ಸುಟ್ಟೈತಿ, ಹೊಸದು 40 ಸಾವಿರದ ಮ್ಯಾಲಾಗತೈತಿ, ಕೀಲಿ ಕೋಡಿಂಗ್ ಬ್ಯಾರೆ" ಅಂದ್ರು. ನಾನು ಒಪ್ಪಲಿಲ್ಲ, ಗಾಡಿ ಎಳಸ್ಕೊಂಡು ಮನಿಗೆ ತಂದೀನಿ.

ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಾಕ ಇಟ್ಕೊಂಡ ಒಂದು ಸಾದಾ ಮಲ್ಟಿಮೀಟರ್ ಐತಿ, ಓಲ್ಟು ನೋಡಾಕ ಬರ್ತೈತಿ. ಇದರಿಂದ ಏನರ ಗೊತ್ತಾಗತೈತೇನು? ಇಲ್ಲಾ ಸುಮ್ನ 40 ಸಾವಿರ ಹೊಂದಸ್ಬೇಕೋ?

ಕೋಟೆ ಕೆಳಗಿನವ (ಬಳ್ಳಾರಿ):

ಮಿಲ್ ಹತ್ರ ನಿಂತಿದ್ದ ಗಾಡಿ ಅಂದ್ರೆ ಇಲಿ ವೈರ್ ಕಡಿದಿರೋದನ್ನೂ ನೋಡಿ. ನಮ್ಮ ಭಾವನ ಗಾಡೀಲಿ ಹಾಗೇ ಆಗಿತ್ತು, ಎಲ್ಲರೂ ಬ್ಯಾಟರಿ ಬ್ಯಾಟರಿ ಅಂತಿದ್ರು.

ರಾಯಚೂರು ವೈರ್‌ಮನ್:

ಇಲಿ ಹಿಂದ ಹತ್ತೋದು ಬ್ಯಾಡ್ರಿ. ಕಿಡಿ ಬಂದದ, ಸುಟ್ಟ ವಾಸನಿ ಬಂದದ, ಆ ಗಳಿಗ್ಗೇ ಬಂದ್ ಆಗ್ಯದ. ಕಾರಣ ಕಣ್ಣ ಮುಂದೇ ಅದ.

ಅಣ್ಣಾರೆ, ಒಂದು ಮಾತು ಹೇಳ್ರಿ. ಅವ್ರು ಸ್ಟೇರಿಂಗ್ ಕೆಳಗ ಸ್ಕ್ಯಾನರ್ ಚುಚ್ಚಿದಾಗ ಆ ಚುಚ್ಚೋ ತುದಿಯೊಳಗ ಲೈಟ್ ಹತ್ತಿತ್ತೇನು? ಟ್ಯಾಬಿನ ಪರದೆ ಅಲ್ಲ, ಗಾಡಿಗೆ ಚುಚ್ತಾರಲ್ಲ, ಅದು.

ಯಾಕ ಕೇಳಾಕತ್ತೀನಿ ಅಂದ್ರ, ಅದಕ್ಕ ಕರೆಂಟ್ ಬರೋದು ಗಾಡಿಯಿಂದನೇ. ಆ ಸಾಕೆಟ್ಟಿನ 16ನೇ ಪಿನ್ನು ಬ್ಯಾಟರಿ ಪ್ಲಸ್, 4 ಮತ್ತ 5 ಅರ್ತ್. 16ಕ್ಕ ಕರೆಂಟ್ ಕೊಡೋದು ಡ್ಯಾಶ್‌ಬೋರ್ಡ್ ಕೆಳಗಿನ ಒಂದು ಸಣ್ಣ ಫ್ಯೂಸ್. ಬಹಳ ಗಾಡಿಯೊಳಗ ಅದೇ ಫ್ಯೂಸಿನ ಮ್ಯಾಲ ಒಳಗಿನ ದೀಪ, ಟೇಪಿನ ಮೆಮೊರಿ ಲೈನು ಇರ್ತಾವ. ನಿಮ್ಮಲ್ಲಿ ಅವೂ ಸತ್ತಾವ ಅಂತೀರಿ. ಹಂಗಿದ್ರ ಸ್ಕ್ಯಾನರ್ ಕನೆಕ್ಟ್ ಆಗಲಿಲ್ಲ ಅಂದ್ರ ಸ್ಕ್ಯಾನರಿಗೇ ಕರೆಂಟ್ ಸಿಕ್ಕಿಲ್ಲ ಅಂತ ಅರ್ಥ. ಈಸಿಎಂ ಬದುಕ್ಯದೋ ಸತ್ತದೋ ಅದರಿಂದ ಹೇಳಾಕ ಬರಂಗಿಲ್ಲ. ಇಂಥಾ ಗಾಡಿ ನನ್ನ ಹತ್ರ ಬರ್ತಾನೇ ಇರ್ತಾವ, ಅದರಾಗ ಈಸಿಎಂ ಖರೇನ ಹೋಗಿರೋದು ಕಡಿಮಿ. ಬಹಳಷ್ಟು ಸಲ ಫ್ಯೂಸು, ಡೈನಮೋದ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್) ಡಯೋಡ್ ಪ್ಲೇಟು, ಟೇಪು.

ಉಲ್ಟಾ ಹಚ್ಚಿದಾಗ ಕರೆಂಟ್ ಎಲ್ಲಿಂದ ಎಲ್ಲಿಗೆ ಓಡ್ತದ ಅನ್ನೋದು ತಿಳದ್ರ ಹುಡುಕೋದು ಸುಲಭ. ಡೈನಮೋದೊಳಗ ಕಡಿಮಿ ಅಂದ್ರೂ 6 ಡಯೋಡ್ ಇರ್ತಾವ. ನೀವು ಪಂಪ್‌ಸೆಟ್ಟಿನವ್ರು, ಫುಟ್‌ವಾಲ್ವ್ ಗೊತ್ತದಲ್ಲ, ನೀರು ಮ್ಯಾಲಕ್ಕ ಬಿಡ್ತದ, ತಿರುಗಿ ಕೆಳಗ ಬಿಡಂಗಿಲ್ಲ. ಡಯೋಡೂ ಹಂಗೇ. ಡೈನಮೋದಿಂದ ಬ್ಯಾಟರಿಗೆ ಬಿಡ್ತದ, ಬ್ಯಾಟರಿಯಿಂದ ಡೈನಮೋಕ್ಕ ತಡೀತದ. ಪ್ಲಸ್ಸು ಮೈನಸ್ಸು ಅದಲುಬದಲು ಆಯ್ತಂದ್ರ ಆರೂ ಬಾಗಲಾ ತಕ್ಕೊಂಡು ನಿಲ್ತಾವ, ಬಾಡಿಯಿಂದ ಡೈನಮೋದ ದಪ್ಪ ವೈರಿಗೆ ಸೀದಾ ಹಾದಿ. ಆ ವೈರಿನ ನಡುವ ಬ್ಯಾಟರಿ ಪಕ್ಕದ ಡಬ್ಬಿಯೊಳಗ ಒಂದು ದೊಡ್ಡ ಫ್ಯೂಸ್ ಕುಂತಿರ್ತದ, ಅದು ಹಾರ್ತದ. ಅದು ಲಗೂನ ಹಾರಿದ್ರ ಡಯೋಡ್ ಉಳೀತಾವ, ತಡ ಆದ್ರ ಎರಡೂ ಹೋಗ್ತಾವ. ಕಿತ್ತೊಗಿಯೋದಕ್ಕ ಎಷ್ಟು ಹೊತ್ತಾಯ್ತು ಅನ್ನೋದರ ಮ್ಯಾಲ ಎಲ್ಲಾ ನಿಂತದ.

ಹಾರ್ನು, ಹೆಡ್‌ಲೈಟ್ ಯಾಕ ಉಳಿದಾವ? ಹ್ಯಾಲೊಜೆನ್ ಬಲ್ಬಿನ ತಂತಿಗೆ, ಹಾರ್ನಿನ ಕಾಯಿಲಿಗೆ ಪ್ಲಸ್ಸು ಮೈನಸ್ಸು ಸಂಬಂಧಿಲ್ಲ, ಯಾವ ಕಡಿಂದ ಕೊಟ್ರೂ ನಡೀತಾವ. ಡಯೋಡು, ಐಸಿ (ಚಿಪ್ಪು) ಇರೋವಕ್ಕಷ್ಟೇ ಪೆಟ್ಟು.

ಈಗ ಮೀಟರ್ ತಗೋರಿ. 20 ಓಲ್ಟ್ ಡಿಸಿಗೆ ಇಡ್ರಿ. ಬ್ಯಾಟರಿ ಹೊಟ್ಟಿ ಉಬ್ಬ್ಯದೇನು, ಆಸಿಡ್ ಸೋರ್ಯದೇನು ಮೊದಲ ನೋಡ್ರಿ. ಉಬ್ಬಿದ್ರ ಅದನ್ನ ಮುಟ್ಟೋದೇ ಬ್ಯಾಡ, ಬದಲಿ ಮಾಡ್ರಿ. ಚಲೋ ಅದ ಅಂದ್ರ ಓಲ್ಟ್ ನೋಡ್ರಿ. ತುಂಬಿದ ಬ್ಯಾಟರಿ 12.6 ತೋರಸ್ತದ, 12.0 ಅಂದ್ರ ಕಾಲುಭಾಗವಷ್ಟೇ ಉಳಿದದ ಅಂತ. ಮೈನಸ್ ಗುರುತು ಬಂತಂದ್ರ ಬ್ಯಾಟರಿನೇ ಉಲ್ಟಾ ಚಾರ್ಜ್ ಆಗ್ಯದ, ಹಂಗಾಗೋದು ಅಪರೂಪ, ಆದ್ರ ನೋಡೋದರಾಗ ತಪ್ಪಿಲ್ಲ.

ಆಮ್ಯಾಲ ಮೀಟರಿನ ಕರೇ ತುದಿ ಬ್ಯಾಟರಿ ಮೈನಸ್ಸಿಗೆ, ಕೆಂಪು ತುದಿ ಡೈನಮೋದ ಹಿಂದ ರಬ್ಬರ್ ಟೋಪಿ ಹಾಕಿದ ದಪ್ಪ ನಟ್ಟಿಗೆ. ಇಂಜಿನ್ ಬಂದ್ ಇದ್ದಾಗಲೂ ಅಲ್ಲಿ ಬ್ಯಾಟರಿಯಷ್ಟೇ ಓಲ್ಟ್ ಬರಬೇಕು. ಸೊನ್ನಿ ಬಂದ್ರ ದೊಡ್ಡ ಫ್ಯೂಸ್ ಹೋಗ್ಯದ.

ಸಣ್ಣ ಫ್ಯೂಸ್ ಕಿತ್ತಿ ಕಣ್ಣಿಲೆ ನೋಡೋದು ಬ್ಯಾಡ. ಸೀಳು ಕಾಣದ ಹಂಗ ಒಡದಿರ್ತಾವ. ಪ್ರತಿ ಫ್ಯೂಸಿನ ತಲಿ ಮ್ಯಾಲ ಎರಡು ಸಣ್ಣ ಲೋಹದ ಚುಕ್ಕಿ ಇರ್ತಾವ, ಕೀಲಿ ಆನ್ ಇಟ್ಟು ಎರಡಕ್ಕೂ ಕೆಂಪು ತುದಿ ಮುಟ್ಟಸ್ರಿ. ಎರಡೂ ಕಡಿ 12 ಬಂದ್ರ ಚಲೋ ಅದ. ಒಂದು ಕಡಿ 12, ಇನ್ನೊಂದು ಕಡಿ ಸೊನ್ನಿ ಅಂದ್ರ ಹೋಗ್ಯದ. ಎರಡೂ ಕಡಿ ಸೊನ್ನಿ ಅಂದ್ರ ಅದಕ್ಕ ಮ್ಯಾಲಿಂದೇ ಕರೆಂಟ್ ಬಂದಿಲ್ಲ. ಬಾನೆಟ್ ಡಬ್ಬಿ, ಡ್ಯಾಶ್ ಕೆಳಗಿನ ಡಬ್ಬಿ, ಎರಡೂ ನೋಡ್ರಿ. ಯಾವುದು ಯಾತರದ್ದು ಅನ್ನೋದು ಮುಚ್ಚಳದ ಒಳಮೈ ಮ್ಯಾಲ ಬರದಿರ್ತದ.

ಸ್ಟೇರಿಂಗ್ ಕೆಳಗ ಹಳದಿ ಬಣ್ಣದ ಕನೆಕ್ಟರ್ ಕಂಡ್ರ ಅದರ ತಂಟಿಗೆ ಹೋಗಬ್ಯಾಡ್ರಿ. ಅದು ಏರ್‌ಬ್ಯಾಗಿಂದು.

ಸ್ವಿಚ್‌ಯಾರ್ಡ್ (ಬಳ್ಳಾರಿ):

ಮೇಲಿನವರು ಹೇಳಿದ್ದು ಸರಿ. ನನ್ನದೊಂದೆರಡು ಸೇರ್ಪಡೆ. ಈಸಿಎಂ ಬದುಕಿದೆಯೋ ಇಲ್ಲವೋ ಅಂತ ಸ್ಕ್ಯಾನರ್ ಇಲ್ಲದೆಯೂ ಒಂದು ಮಟ್ಟಕ್ಕೆ ಹೇಳಬಹುದು. ಇಂಜಿನ್ ಸೆನ್ಸರ್‌ಗಳಲ್ಲಿ ಹಲವಕ್ಕೆ ಈಸಿಎಂ ತನ್ನೊಳಗಿನಿಂದ 5 ವೋಲ್ಟ್ ಕೊಡುತ್ತದೆ. ಇನ್‌ಟೇಕ್ ಪ್ರೆಶರ್ ಸೆನ್ಸರಿನ ಕನೆಕ್ಟರ್ ಬಿಚ್ಚಿ, ಕೀಲಿ ಆನ್ ಮಾಡಿ, ಪಿನ್ನುಗಳಲ್ಲಿ ಎಲ್ಲಾದರೂ 5 ವೋಲ್ಟ್ ಸಿಗುತ್ತದೆಯೇ ನೋಡಿ. ಸಿಕ್ಕಿದರೆ ಈಸಿಎಂಗೆ ಕರೆಂಟ್ ಹೋಗುತ್ತಿದೆ, ಒಳಗಿನ ಪವರ್ ಸಪ್ಲೈ ಕೆಲಸ ಮಾಡುತ್ತಿದೆ. ಸಿಗದಿದ್ದರೆ ಈಸಿಎಂ ಸತ್ತಿದೆ ಅಂತ ಆಗ್ಲೇ ತೀರ್ಮಾನ ಬೇಡ. ಅದರ ಫ್ಯೂಸ್, ಮೇನ್ ರಿಲೇ (ಈಸಿಎಂಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್), ಅರ್ತ್ ಮೂರೂ ಸರಿ ಇವೆ ಅಂತ ಖಾತ್ರಿ ಆದಮೇಲಷ್ಟೇ ಆ ಮಾತು.

ಹಾಗೇ ಬ್ಯಾಟರಿ ಮೈನಸ್ ಬಿಚ್ಚಿಟ್ಟು, ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಅವು ಕ್ಯಾನ್ ಲೈನುಗಳು, ಅಂದರೆ ಗಾಡಿಯ ಎಲೆಕ್ಟ್ರಾನಿಕ್ ಮಾಡ್ಯೂಲುಗಳು ಒಂದಕ್ಕೊಂದು ಮಾತಾಡುವ ವೈರುಗಳು. ಎರಡು ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಪ್ಯಾರಲಲ್ ಆಗಿ ಇರುವುದರಿಂದ ಒಟ್ಟು 60ರ ಹತ್ತಿರ ಬರಬೇಕು. ಸೊನ್ನೆ ಹತ್ತಿರ ಬಂದರೆ ಯಾವುದೋ ಮಾಡ್ಯೂಲ್ ಒಳಗೆ ಅಥವಾ ಆ ವೈರುಗಳಲ್ಲಿ ಶಾರ್ಟ್.

ಸೆಕೆಂಡ್ ಹ್ಯಾಂಡ್ ಈಸಿಎಂ ತಂದು ಹಾಕುತ್ತೇವೆ ಅಂದರೆ ಒಪ್ಪಬೇಡಿ. ಇಮ್ಮೊಬಿಲೈಸರ್ (ಕೀಲಿಯ ಗುರುತು ಹಿಡಿದು ಕಳ್ಳತನ ತಡೆಯುವ ವ್ಯವಸ್ಥೆ) ಕೋಡ್ ಹೊಂದದೆ ಸ್ಟಾರ್ಟ್ ಆಗುವುದಿಲ್ಲ. ಆಗ "ಇದೂ ಕೆಟ್ಟದ್ದೇ" ಅಂತ ಇನ್ನೊಂದು ತರುತ್ತಾರೆ.

ರಾಯಚೂರು ವೈರ್‌ಮನ್:

5 ಓಲ್ಟಿನ ಮಾತು ಬಂಗಾರದಂಥಾದ್ದು. ಕ್ಯಾನ್ ಲೈನ್ ಓಮು ಆಮ್ಯಾಲ ನೋಡಿದ್ರಾಯ್ತು ಸರ್. ಫ್ಯೂಸಿಗೇ ಕರೆಂಟ್ ಇಲ್ಲದ ಗಾಡಿಯೊಳಗ ಈಗೇ ಅದನ್ನ ಅಳದು ಏನ್ ಮಾಡೋದದ. ಒಂದು ಮಾತ್ರ ನೆನಪಿಡ್ರಿ, ಸೆನ್ಸರ್ ಪಿನ್ನಿಗೆ ಮೀಟರ್ ಅಷ್ಟೇ ಹಚ್ಚಬೇಕು, ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚಬಾರ್ದು. ಬಲ್ಬು ಎಳಿಯೋ ಕರೆಂಟಿಗೆ ಇದ್ದ ಈಸಿಎಂ ಹೋಗಬಹುದು.

ಗಣಿ ಧೂಳು (ಸಂಡೂರು):

ನಮ್ಮ ಕಡೆ ಇದಕ್ಕಿಂತ ದೊಡ್ಡ ಅನಾಹುತ ಟಿಪ್ಪರಿನಿಂದ ಜಂಪ್ ತಗೊಳ್ಳೋದು. ಟಿಪ್ಪರ್, ದೊಡ್ಡ ಲಾರಿ ಸಾಮಾನ್ಯವಾಗಿ 24 ವೋಲ್ಟು, 12ರ ಎರಡು ಬ್ಯಾಟರಿ ಸರಪಳಿ ಹಾಕಿರ್ತಾರೆ. ಎರಡರ ತುದಿಯಿಂದ ತಗೊಂಡ್ರೆ ಪ್ಲಸ್ಸು ಮೈನಸ್ಸು ಸರಿ ಇದ್ರೂ ಕಾರಿಗೆ 24 ಬೀಳ್ತದೆ. ತೀರಾ ಗತಿಯಿಲ್ಲ ಅಂದ್ರೆ ಟಿಪ್ಪರಿನ ಮೈನಸ್ ಯಾವ ಬ್ಯಾಟರಿಯಿಂದ ಚಾಸಿಗೆ ಹೋಗಿದೆಯೋ ಆ ಒಂದೇ ಬ್ಯಾಟರಿಯಿಂದ ತಗೋಬೇಕು. ಇನ್ನೊಂದರಿಂದ ತಗೊಂಡು ಎರಡು ಗಾಡಿಯ ಬಾಡಿ ಎಲ್ಲಾದ್ರೂ ತಾಗಿದ್ರೆ ಬ್ಯಾಟರಿನೇ ಶಾರ್ಟು. ಟ್ರ್ಯಾಕ್ಟರ್ 12 ಆದ್ದರಿಂದ ನೀವು ಅಷ್ಟರಮಟ್ಟಿಗೆ ಬಚಾವ್.

ಭತ್ತದ ಸೀಮೆ (ಕಾರಟಗಿ):

ಎಲ್ಲರಿಗೂ ಧನ್ಯವಾದ. ನೋಡಿದೆ. ಬ್ಯಾಟರಿ ಚಾರ್ಜಿಗೆ ಹಾಕಿಸಿದ್ದೆ, 12.4 ಐತಿ, ಮೈನಸ್ ಗುರುತಿಲ್ಲ, ಉಬ್ಬಿಲ್ಲ. ಡೈನಮೋದ ದಪ್ಪ ನಟ್ಟಿನ ಮ್ಯಾಲೆ 0.02. ಡ್ಯಾಶ್ ಕೆಳಗ ಎರಡು ಸಣ್ಣ ಫ್ಯೂಸಿಗೆ ಒಂದು ಕಡಿ ಅಷ್ಟೇ ಕರೆಂಟ್ ಐತಿ: ಒಂದು ಒಳಗಿನ ದೀಪದ್ದು, ಇನ್ನೊಂದು ಕೀಲಿ ಆನ್ ಮಾಡಿದಾಗ ಬರೋದು. ಬಾನೆಟ್ ಡಬ್ಬ್ಯಾಗ ಉಳಿದವೆಲ್ಲ ಎರಡೂ ಕಡಿ ಬರ್ತಾವ.

ಸ್ಕ್ಯಾನರ್ ಲೈಟಿನ ಮಾತು ಅಳಿಯನ್ನ ಕೇಳಿದೆ. ಹತ್ತಿರಲಿಲ್ಲ ಅಂತಾನ. ಆ ಹುಡುಗ ಎರಡು ಸಲ ಕಿತ್ತಿ ಉಫ್ ಅಂತ ಊದಿ ಮತ್ತ ಚುಚ್ಚಿದ್ನಂತ.

ಅಂಗಡ್ಯಾಗ ಫ್ಯೂಸ್ ತಂದು ಹಾಕಿದೆ. ಕೀಲಿದು ನಿಂತೈತಿ, ಮೀಟರ್ ಬೋರ್ಡ್ ಹತ್ತಿತು! ಒಳಗಿನ ದೀಪದ್ದು ಹಾಕಿದ ಕೂಡ್ಲೆ ಪಟ್ ಅಂತ ಮತ್ತ ಹೋಯ್ತು. ದೊಡ್ಡ ಫ್ಯೂಸ್ ಇನ್ನೂ ಮುಟ್ಟಿಲ್ಲ, ಇಕ್ಕಳದಿಂದ ಎಳದ್ರೂ ಬರವಲ್ದು. ಒಬ್ರು ಅದರ ಮ್ಯಾಲ ದಪ್ಪ ತಂತಿ ಸುತ್ತು ಅಂತ ಹೇಳಾಕತ್ಯಾರ.

ರಾಯಚೂರು ವೈರ್‌ಮನ್:

ತಂತಿ ಸುತ್ತು ಅಂದವ್ರಿಗೆ ಒಂದು ಚಹಾ ಕುಡಿಸಿ ಮನಿಗೆ ಕಳಸ್ರಿ. ಡಯೋಡ್ ಶಾರ್ಟ್ ಆಗಿದ್ರ ಆ ತಂತಿ ಕೆಂಪಗ ಕಾಯ್ದು ವೈರಿಂಗಿಗೇ ಬೆಂಕಿ ಹತ್ತತದ. 40 ಸಾವಿರದ ಮಾತು ಆಗ ಬಹಳ ಸಣ್ಣದ ಅನ್ನಿಸ್ತದ.

ದೊಡ್ಡ ಫ್ಯೂಸ್ ಇಕ್ಕಳದಿಂದ ಎಳೀಬ್ಯಾಡ್ರಿ. ಅದನ್ನ ನಟ್ ಹಾಕಿ ಬಿಗದಿರ್ತಾರ, ಎಳದ್ರ ಡಬ್ಬಿ ಒಡೀತದ. ಬ್ಯಾಟರಿ ಮೈನಸ್ ಮೊದಲ ಬಿಚ್ರಿ, ಮುಚ್ಚಳ ತಗದು ನಟ್ ಸಡಲ ಮಾಡ್ರಿ, ತಾನಾಗೇ ಬರ್ತದ. ಮ್ಯಾಲ ಬರದ ಆಂಪಿಯರ್ ಎಷ್ಟದ ಅಷ್ಟರದ್ದೇ ತರ್ರಿ. ಸಿಗಲಿಲ್ಲ ಅಂತ ಹೆಚ್ಚಿಂದು ಬ್ಯಾಡ.

ಹೊಸದು ಹಾಕೋಕಿಂತ ಮೊದಲ ಡಯೋಡ್ ನೋಡಬೇಕು. ಬ್ಯಾಟರಿ ಮೈನಸ್ ಬಿಚ್ಚೇ ಇರ್ಲಿ. ಮೀಟರ್ ಡಯೋಡ್ ಗುರುತಿಗೆ ಇಡ್ರಿ, ಬಾಣದ ಮುಂದ ಗೆರಿ ಎಳದ ಗುರುತು. ಕೆಂಪು ತುದಿ ಡೈನಮೋದ ಬಾಡಿಗೆ, ಕರೇ ತುದಿ ಆ ದಪ್ಪ ನಟ್ಟಿಗೆ. ಎರಡು ಡಯೋಡ್ ಸಾಲಾಗಿ ದಾಟಿ ಬರಬೇಕಲ್ಲ, ಅದಕ್ಕ 0.8ರಿಂದ 1.1ರ ಒಳಗ ಏನರ ತೋರಸ್ತದ. ತುದಿ ಅದಲುಬದಲು ಮಾಡ್ರಿ, ಏನೂ ತೋರಸಬಾರ್ದು. ಎರಡೂ ಕಡಿ ಬೀಪ್ ಅಂತು ಅಂದ್ರ ಪ್ಲೇಟು ಪೂರ್ತಿ ಶಾರ್ಟು.

ಈಗ ಮತ್ತ ಮತ್ತ ಹಾರೋ ಸಣ್ಣ ಫ್ಯೂಸಿನ ಸಂಗತಿ. ಇದಕ್ಕ ಫ್ಯೂಸ್ ಸುಟ್ಟು ಸುಟ್ಟು ಹಣ ಹಾಳು ಮಾಡಬ್ಯಾಡ್ರಿ. 21 ವ್ಯಾಟಿನ ಒಂದು ಇಂಡಿಕೇಟರ್ ಬಲ್ಬ್ ತಗೋರಿ, ಎರಡು ವೈರ್ ಬೆಸಿರಿ, ತುದಿಗೆ ಹೋದ ಫ್ಯೂಸಿನ ಎರಡು ಕಾಲು ಕತ್ತರಿಸಿ ಬೆಸಿರಿ. ಫ್ಯೂಸಿನ ಜಾಗಾದಾಗ ಆ ಕಾಲು ಚುಚ್ಚಿ, ಬಿಚ್ಚಿದ್ದ ಬ್ಯಾಟರಿ ಮೈನಸ್ ಮತ್ತ ಹಾಕ್ರಿ. ಮುಂದ ಎಲ್ಲೆರ ಶಾರ್ಟ್ ಇದ್ರ ಬಲ್ಬ್ ಪೂರ್ತಿ ಪ್ರಕಾಶ ಕೊಡ್ತದ, ಆದ್ರ ಲೈನಿನಾಗ ಸುಮಾರು 1.75 ಆಂಪಿಯರಿಗಿಂತ ಹೆಚ್ಚು ಹೋಗಂಗಿಲ್ಲ, ಏನೂ ಸುಡಂಗಿಲ್ಲ. ಬಲ್ಬ್ ಹತ್ತಿಕೊಂಡೇ ಇರ್ಲಿ. ಆ ಫ್ಯೂಸಿನ ಮ್ಯಾಲಿರೋ ಒಂದೊಂದೇ ಸಾಮಾನು ಬಿಚ್ಚಿಕೋತ ಹೋಗ್ರಿ. ಯಾವುದನ್ನ ಕಿತ್ತಾಗ ಬಲ್ಬ್ ಸಣ್ಣಗಾಗ್ತದೋ ಇಲ್ಲಾ ಆರ್ತದೋ, ಅದೇ ಕಳ್ಳ. ಬಾಗಲಾ ತೆರದು ಇಟ್ಕೊಂಡಿದ್ರ ಒಳಗಿನ ದೀಪದ ಸಲುವಾಗಿ ಸ್ವಲ್ಪ ಹತ್ತತದ, ಅದಕ್ಕ ಮೋಸ ಹೋಗಬ್ಯಾಡ್ರಿ, ದೀಪದ ಸ್ವಿಚ್ ಬಂದ್ ಮಾಡ್ರಿ.

ಮೊದಲ ಟೇಪಿನ ಹಿಂದಿನ ಸಾಕೆಟ್ ಕೀಳ್ರಿ. ನನ್ನ ಅನುಮಾನ ಅದರ ಮ್ಯಾಲೇ ಅದ.

ಇನ್ನೊಂದು, ಮುಂದ ಯಾವುದರ ಸ್ವಿಚ್ ಹಾಕಿದಾಗಷ್ಟೇ ಫ್ಯೂಸ್ ಹೋದ್ರ ರಿಲೇ ನೋಡ್ರಿ. ಕೆಲವು ರಿಲೇದೊಳಗ ಕಾಯಿಲಿಗೆ ಅಡ್ಡ ಒಂದು ಡಯೋಡ್ ಇರ್ತದ, ಉಲ್ಟಾ ಕರೆಂಟಿಗೆ ಅದು ಶಾರ್ಟ್ ಆಗಿ ಕುಂತಿರ್ತದ. ರಿಲೇದ ಮೈ ಮ್ಯಾಲ ಚಿತ್ರ ಬರದಿರ್ತಾರ, ಡಯೋಡ್ ಇದ್ರ ಅದರಾಗ ಕಾಣ್ತದ. ಕಾಯಿಲಿನ ಎರಡು ಕಾಲಿಗೆ ಓಮು ನೋಡಿದ್ರ ಹತ್ತಿಪ್ಪತ್ತಕ್ಕಿಂತ ಮ್ಯಾಲ, ಬಹಳ ಸಲ ನೂರರ ಹತ್ರ ಬರಬೇಕು. ಅರ್ಧ ಓಮು ಬಂದ್ರ ಅದನ್ನ ಒಗೀರಿ.

ಕೋಟೆ ಕೆಳಗಿನವ (ಬಳ್ಳಾರಿ):

ಇನ್ಶೂರೆನ್ಸ್ ಕ್ಲೇಮ್ ಮಾಡ್ಬಹುದಲ್ವಾ? ಬಂಪರ್ ಟು ಬಂಪರ್ ಇದ್ರೆ?

ಸ್ವಿಚ್‌ಯಾರ್ಡ್ (ಬಳ್ಳಾರಿ):

ಸಾಮಾನ್ಯ ಕಾರ್ ಪಾಲಿಸಿಯಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಹೊರಗಿಟ್ಟಿರುತ್ತಾರೆ. ಬಂಪರ್ ಟು ಬಂಪರ್ ಅಂದರೆ ಸವಕಳಿ ಕಳೆಯದ ಆ್ಯಡ್-ಆನ್, ಅದು ಇದನ್ನು ಬದಲಿಸುವುದಿಲ್ಲ. ಪಾಲಿಸಿಯ ಹೊರಗಿಟ್ಟವುಗಳ ಪಟ್ಟಿ ಓದಿ, ಆಮೇಲೆ ಫೋನ್ ಮಾಡಿ.

ಭತ್ತದ ಸೀಮೆ (ಕಾರಟಗಿ):

ವೈರ್‌ಮನ್ ಅಣ್ಣಾ, ಬಲ್ಬಿನ ಆಟ ಆಡಿದೆ. ಚುಚ್ಚಿದ ಕೂಡ್ಲೆ ಬೆಳ್ಳಗ ಹತ್ತಿತು. ಟೇಪ್ ಹೊರಗ ಎಳದು ಹಿಂದಿನ ಸಾಕೆಟ್ ಕಿತ್ತೆ. ಬಲ್ಬ್ ಆರಿತು. ಹಚ್ಚಿದ್ರ ಹತ್ತತೈತಿ, ಕಿತ್ರ ಆರತೈತಿ. ಅಳಿಯ ನಾಕೈದು ಸಲ ಅದನ್ನೇ ಮಾಡಿ ನಗಾಕತ್ತಿದ್ದ. ಟೇಪ್ ಕಿತ್ತಿಟ್ಟು ಹೊಸ ಫ್ಯೂಸ್ ಹಾಕಿದ್ವಿ, ನಿಂತೈತಿ. ಒಳಗಿನ ದೀಪ, ಸೆಂಟ್ರಲ್ ಲಾಕ್ ಬಂದಾವ. ಗೆಳೆಯನ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದ್ವಿ, ಕೆಂಪು ಲೈಟ್ ಹತ್ತಿತು, ಫೋನಿನ್ಯಾಗ ಈಸಿಎಂ ಮಾತಾಡಾಕತ್ತೈತಿ! ಓಲ್ಟೇಜ್ ಕಡಿಮಿ ಅನ್ನೋ ಪಿ0562 ಒಂದೇ ಕೋಡ್ ಐತಿ.

ಡಯೋಡ್ ನೋಡಿದ್ದು: ಕೆಂಪು ಬಾಡಿಗೆ, ಕರೇದು ನಟ್ಟಿಗೆ ಇಟ್ರ 0.47. ಉಲ್ಟಾ ಇಟ್ರ ಏನೂ ಇಲ್ಲ. ನೀವು 0.8 ಅಂದಿದ್ರಿ, ಇದು ಅರ್ಧ ಐತಿ. ಆದ್ರ ಬೀಪ್ ಇಲ್ಲ. ದೊಡ್ಡ ಫ್ಯೂಸ್ ಗಂಗಾವತ್ಯಾಗ ಸಿಕ್ಕೈತಿ. ಹಾಕ್ಲೋ ಬ್ಯಾಡೋ?

ರಾಯಚೂರು ವೈರ್‌ಮನ್:

40 ಸಾವಿರ ಉಳೀತು ಬಿಡ್ರಿ.

0.47 ಅಂದ್ರ ಚಂದಾಗಿ ಹೇಳ್ಯದ ಮೀಟರು. ಎರಡು ಡಯೋಡ್ ದಾಟಿದ್ರ 0.9ರ ಆಸುಪಾಸು ಬರಬೇಕಿತ್ತು. ಅರ್ಧ ಬಂತು ಅಂದ್ರ ಒಂದು ಡಯೋಡ್ ಶಾರ್ಟ್ ಆಗಿ ಬರೀ ತಂತಿ ಆಗ್ಯದ, ಅದರ ಜೋಡಿದು ಇನ್ನೂ ಬದುಕ್ಯದ. ಬದುಕಿರೋದರ ಸಲುವಾಗೇ ಉಲ್ಟಾ ಕಡಿ ಏನೂ ಬರವಲ್ದು, ದೊಡ್ಡ ಫ್ಯೂಸೂ ಹಾರಂಗಿಲ್ಲ. ಹಾಕ್ರಿ, ಸ್ಟಾರ್ಟ್ ಆಗ್ತದ. ಆದ್ರ ಅಲ್ಲಿಗೇ ಮುಗೀತು ಅಂತ ಹೊಸಪೇಟಿ ಕಡಿ ಗಾಡಿ ಬಿಡಬ್ಯಾಡ್ರಿ.

ಸ್ಟಾರ್ಟ್ ಮಾಡಿ ಬ್ಯಾಟರಿ ಮ್ಯಾಲ ಓಲ್ಟ್ ನೋಡ್ರಿ. ಚಲೋ ಡೈನಮೋ 13.8ರಿಂದ 14.5ರ ಒಳಗ ಕೊಡ್ತದ. ಹೆಡ್‌ಲೈಟ್, ಬ್ಲೋವರ್ ಹಾಕ್ರಿ, ಬಹಳ ಇಳೀಬಾರ್ದು. ಆಮ್ಯಾಲ ಹಂಗೇ ಇಂಜಿನ್ ಓಡಾಕತ್ತಿದ್ದಂಗ ಮೀಟರ್ ಎಸಿ ಓಲ್ಟಿಗೆ ಇಟ್ಟು ಬ್ಯಾಟರಿ ಮ್ಯಾಲ ನೋಡ್ರಿ. ಅರ್ಧ ಓಲ್ಟಿಗಿಂತ ಹೆಚ್ಚು ಎಸಿ ಬಂದ್ರ ಡಯೋಡ್ ಹೋಗ್ಯದ ಅನ್ನೋದಕ್ಕ ಬ್ಯಾರೆ ಸಾಕ್ಷಿ ಬೇಕಾಗಿಲ್ಲ. ಅಗ್ಗದ ಮೀಟರ್ ಕೆಲವು ಎಸಿ ರೇಂಜಿನಾಗ ಡಿಸಿ ಓಲ್ಟನ್ನೂ ಕೂಡಿಸಿ ತೋರಸ್ತಾವ. ಅದಕ್ಕ ಮೊದಲ ಇಂಜಿನ್ ಬಂದ್ ಇದ್ದಾಗ ನೋಡ್ರಿ, ಆಗ ಸೊನ್ನಿ ಬಂದ್ರ ನಿಮ್ಮ ಮೀಟರ್ ನಂಬಾಕ ಅಡ್ಡಿ ಇಲ್ಲ.

ಓಡಿಸ್ರಿ ಅಂದ್ರ ಓಡಸ್ತೀರಿ, ಚಾರ್ಜಿಂಗ್ ಲೈಟ್ ಹತ್ತದೇನೂ ಇರಬಹುದು. ಆದ್ರ ಶಾರ್ಟ್ ಆದ ಡಯೋಡಿನ ಸಲುವಾಗಿ ಕಾಯಿಲ್ ಒಳಗೇ ಕರೆಂಟ್ ಸುತ್ತತಿರ್ತದ, ಡೈನಮೋ ಕಾಯ್ತದ. ನಮ್ಮ ಕಡಿ ಬಿಸಲಾಗ ಬಾನೆಟ್ ಒಳಗ ಮೊದಲೇ ಕೆಂಡ, ಮ್ಯಾಲ ಇದೂ ಕೂಡಿದ್ರ ಸ್ಟೇಟರ್ ವೈಂಡಿಂಗ್ (ಅದೇ ಕಾಯಿಲ್) ಸುಡ್ತದ. ಪ್ಲೇಟ್ ಬದಲಿ ಮಾಡೋದರಾಗ ಮುಗಿಯೋ ಕೆಲಸ ಪೂರ್ತಿ ಡೈನಮೋಕ್ಕ ಹೋಗ್ತದ.

ಸ್ವಿಚ್‌ಯಾರ್ಡ್ (ಬಳ್ಳಾರಿ):

ರಾತ್ರಿ ನಿಲ್ಲಿಸಿದಾಗ ಬ್ಯಾಟರಿ ಇಳಿಯುತ್ತದೆಯೇ ಅನ್ನುವುದನ್ನೂ ನೋಡಿ. ಒಂದು ಡಯೋಡ್ ಮಾತ್ರ ಶಾರ್ಟ್ ಆದರೆ ಅದರ ಜೋಡಿ ತಡೆಯುತ್ತದೆ, ಡ್ರೈನ್ ಇರುವುದಿಲ್ಲ. ಜೋಡಿಯೂ ಸೋರುತ್ತಿದ್ದರೆ ಇರುತ್ತದೆ. ಮೈನಸ್ ಬಿಚ್ಚಿ ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಹಾಕಿ ನಡುವೆ ಸೇರಿಸಿ, ಬಾಗಿಲು ಲಾಕ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 0.05 ಆಂಪಿಯರಿನ ಒಳಗೆ ಬರಬೇಕು. 0.7 ಬಂದಿತು ಅನ್ನಿ, ಒಂದು ದಿನಕ್ಕೆ 17 ಆಂಪಿಯರ್-ಅವರ್ ಹೋಯಿತು. ನಿಮ್ಮ ಹಳೇ ಬ್ಯಾಟರಿ ಎರಡು ರಾತ್ರಿ ತಾಳುವುದಿಲ್ಲ. ಮೀಟರ್ ನಡುವೆ ಇರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರಿನ ಫ್ಯೂಸ್ ಅಥವಾ ಮೀಟರೇ ಹೋಗುತ್ತದೆ.

ಭತ್ತದ ಸೀಮೆ (ಕಾರಟಗಿ):

ದೊಡ್ಡ ಫ್ಯೂಸ್ ಹಾಕಿದೆ, ಒಂದೇ ಸೆಲ್ಫಿಗೆ ಎತ್ತಿತು. ಓಲ್ಟು 13.1, ಹೆಡ್‌ಲೈಟ್ ಬ್ಲೋವರ್ ಹಾಕಿದ್ರ 12.5ಕ್ಕ ಬಂತು. ಇಂಜಿನ್ ಬಂದ್ ಇದ್ದಾಗ ಎಸಿ ಸೊನ್ನಿ, ಓಡುವಾಗ 1.1. ರಾತ್ರಿ ಡ್ರೈನ್ 0.03, ಅದು ಸರಿ ಐತಿ. ಡೈನಮೋ ಬಿಚ್ಚಿಸಿ ಪ್ಲೇಟ್ ತೋರಿಸಿದೆ. ಮೂರು ಡಯೋಡಿನ ಸಾಲಿನ್ಯಾಗ ಒಂದರ ಬುಡ ನೀಲಿಗಟ್ಟಿತ್ತು, ಬೆಸಿಗಿ ಕರಗಿ ಹನಿಯಾಗಿ ಕೆಳಗ ಬಿದ್ದಿತ್ತು. ವೈಂಡಿಂಗ್ ಕರ್ರಗಾಗಿಲ್ಲ. ಪ್ಲೇಟ್ ಬದಲಿ ಮಾಡಿ, ಬ್ರಷ್ಷೂ ಸವದಿದ್ವು ಅಂತ ಅವನ್ನೂ ಹಾಕ್ಯಾರ. ಈಗ ಲೋಡಿನ ಮ್ಯಾಲೂ 14.1, ಎಸಿ 0.04. ಕೋಡ್ ಅಳಿಸಿದೆ, ಮತ್ತ ಬಂದಿಲ್ಲ. ಬ್ಯಾಟರಿನೂ ಹೊಸದು ಹಾಕಿಸಿದೆ.

ಉಳಿದಿದ್ದು ಟೇಪು. ಅದನ್ನ ಒಗದು ಹೊಸದು ತಗೋಬೇಕಾ? ಅಳಿಯನ ಗಲಾಟೆ ನಡದೈತಿ.

ಗಣಿ ಧೂಳು (ಸಂಡೂರು):

ಅಳಿಯನಿಗೆ ಸ್ವಲ್ಪ ದಿನ ಹಾಡಿಲ್ಲದೇ ಇರಲಿಕ್ಕೆ ಹೇಳಿ.

ರಾಯಚೂರು ವೈರ್‌ಮನ್:

ಒಗೀಬ್ಯಾಡ್ರಿ. ಟೇಪಿನ ಪ್ಲಸ್ ವೈರ್ ಬೋರ್ಡಿಗೆ ಸೇರೋ ಜಾಗಾದಾಗ, ಪ್ಲಸ್ ಮೈನಸ್ ನಡುವ ಅಡ್ಡಕ್ಕ ಒಂದು ಡಯೋಡ್ ಹಾಕಿರ್ತಾರ. ಉಲ್ಟಾ ಕರೆಂಟ್ ಬಂದ್ರ ತಾನು ಶಾರ್ಟ್ ಆಗಿ ಫ್ಯೂಸ್ ಹಾರಿಸಿ ಒಳಗಿನ ಐಸಿ ಉಳಸೋದೇ ಅದರ ಕೆಲಸ. ಅದು ಶಾರ್ಟ್ ಆಗೇ ಉಳಿದ್ರ ನಿಮಗಾದಂಗ ಆಗ್ತದ. ಟಿವಿ ರಿಪೇರಿ ಮಾಡೋರ ಹತ್ರ ಒಯ್ದು "ಪವರ್ ಲೈನಿನ ಡಯೋಡ್ ಶಾರ್ಟ್ ಅದ" ಅಂತ ಹೇಳ್ರಿ, ಬೋರ್ಡ್ ತಗದ ಕೂಡ್ಲೆ ಅವರಿಗೆ ಕಾಣ್ತದ. ಬರೀ ಕತ್ತರಿಸಿ ಕೊಡ್ತೀನಿ ಅಂದ್ರ ಬ್ಯಾಡ ಅನ್ರಿ. ಟೇಪ್ ಹಾಡ್ತದ ಖರೆ, ಆದ್ರ ಮುಂದಿನ ಸಲ ಉಳಸೋರು ಇರಂಗಿಲ್ಲ. ಅದೇ ತರದ್ದು ಹೊಸದು ಬೆಸಿಸ್ರಿ, ಡಯೋಡಿನ ಬೆಲಿ ಚಹಾದ ಬೆಲಿಗಿಂತ ಹೆಚ್ಚಿರಂಗಿಲ್ಲ.

ಗಾಡಿಗೆ ಹಚ್ಚೋ ಮೊದಲ ಆ ಬಲ್ಬನ್ನೇ ಮತ್ತ ಫ್ಯೂಸಿನ ಜಾಗಾದಾಗ ಇಟ್ಟು ನೋಡ್ರಿ. ಹತ್ತದಿದ್ರ ಫ್ಯೂಸ್ ಹಾಕ್ರಿ.

ಮತ್ತ ಮಿಲ್ಲಿನ್ಯಾಗ ಜಂಪ್ ಬೇಕಾದ್ರ ಕೇಬಲ್ಲಿನ ಬಣ್ಣ, ಟರ್ಮಿನಲ್ಲಿನ ಗುರುತು ಎರಡನ್ನೂ ಬಿಟ್ಟು ಮೀಟರ್ ಇಟ್ಟು ಪ್ಲಸ್ ಯಾವುದು ನೋಡ್ಕೋರಿ. ಪ್ಲಸ್ಸಿಗೆ ಪ್ಲಸ್ಸು, ಟ್ರ್ಯಾಕ್ಟರ್ ಮೈನಸ್ಸಿಗೆ ಕರೇದು, ಕೊನಿ ತುದಿ ನಿಮ್ಮ ಇಂಜಿನ್ನಿನ ಬಣ್ಣ ಇಲ್ಲದ ಕಬ್ಬಣಕ್ಕ, ಬ್ಯಾಟರಿಯಿಂದ ದೂರ. ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರ್ತಿರ್ತದ, ಅದರ ಬಾಯಿ ಹತ್ರ ಕಿಡಿ ಬೀಳಬಾರ್ದು. ಕೀಲಿ ಬಂದ್ ಇರ್ಲಿ. ಆ ಕೊನಿ ತುದಿ ಮುಟ್ಟಿಸಿದಾಗ ಸಣ್ಣ ಕಿಡಿ ನಡೀತದ, ದೊಡ್ಡದು ಬಂದ್ರ ಕೈ ಹಿಂದ ತಗೊಂಡು ಮೊದಲಿಂದ ನೋಡ್ರಿ.

ಭತ್ತದ ಸೀಮೆ (ಕಾರಟಗಿ):

ಆ ಡ್ರೈವರಿಗೆ ಒಂದು ಕೆಂಪು ಒಂದು ಕರೇ ಕೇಬಲ್ ಸೆಟ್ ತಂದು ಕೊಟ್ಟೀನಿ. ಟೇಪ್ ಸೋಮವಾರ ಗಂಗಾವತಿಗೆ ಒಯ್ತೀನಿ, ಡಯೋಡಿನ ನಂಬರ್ ಅವರೇನರ ಕೇಳಿದ್ರ ಇಲ್ಲೇ ಫೋಟೋ ಹಾಕ್ತೀನಿ.